ದಿನಕ್ಕೆ ಒಮ್ಮೆಯಾದರೂ ದಾಟಲೇಬೇಕು: ಹೆದ್ದಾರಿ ಬದಿಯ ಒಂದು ಪೇಟೆಯ ಪ್ರಕರಣ

ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಪೇಟೆಯಲ್ಲಿ ನಡೆದದ್ದು ಇದು. ಆರು ಪಥದ ಹೆದ್ದಾರಿ ಬಂದು ಪೇಟೆ ಎರಡು ತುಂಡಾದ ಮೇಲೆ ಜನ ಈಚೆಯಿಂದ ಆಚೆಗೆ ದಾಟುವುದು ಹೇಗೆ ಎಂಬುದರ ಕತೆ. ಊರಿನ ಹೆಸರು ಹೇಳುವುದಿಲ್ಲ. ಯಾರ ಗುರುತೂ ಸಿಗಬಾರದು ಅಂತ ಕೆಲವು ದೂರ, ಕೆಲವು ಅಳತೆಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ.

ಮನೆ ಪ್ಲಾನ್ ಬರೆದು ಪಂಚಾಯತಿನಿಂದ ಪರ್ಮಿಟ್ ಮಾಡಿಸಿಕೊಡುವುದು ನನ್ನ ಕೆಲಸ. ಓದಿದ್ದು ಡಿಪ್ಲೊಮಾ, ಊರಲ್ಲಿ ಮಾತ್ರ ಎಲ್ಲರಿಗೂ ನಾನು 'ಇಂಜಿನಿಯರ್ರೇ'. ಆ ಹೆಸರಿನ ದೆಸೆಯಿಂದಲೇ ಪಂಚಾಯತಿನ ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪಿಗೆ ನನ್ನನ್ನು ಸೇರಿಸಿದರು. ಈ ಪ್ರಕರಣದಲ್ಲಿ ಒಂದು ದೊಡ್ಡ ತಪ್ಪು ನನ್ನ ಕೈಯಿಂದಲೇ ಆಗಿದೆ. ಅದನ್ನೂ ಬರೆದಿದ್ದೇನೆ.

ಪೇಟೆ ಇದ್ದದ್ದು ಹೀಗೆ

ಈ ಭಾಗದ ಊರುಗಳ ಭೂಮಿ ಚಾಪೆಯ ಪಟ್ಟಿಗಳ ಹಾಗೆ ಉತ್ತರ ದಕ್ಷಿಣಕ್ಕೆ ಹಾಸಿಕೊಂಡಿದೆ. ಪಶ್ಚಿಮಕ್ಕೆ ಕಡಲು, ಅದರ ಈಚೆ ರೈಲು ಹಳಿ, ಹಳಿಯ ಈಚೆ ಹೆದ್ದಾರಿ, ಹೆದ್ದಾರಿಯ ಪೂರ್ವಕ್ಕೆ ಬೈಲು (ತಗ್ಗಿನ ಗದ್ದೆ ಜಾಗ), ತೋಡು (ಸಣ್ಣ ಹಳ್ಳ), ಅಡಿಕೆ ತೋಟ, ಆಮೇಲೆ ಗುಡ್ಡೆ. ಆದರೆ ಜನ ಓಡಾಡುವುದು ಈ ಪಟ್ಟಿಗಳಿಗೆ ಅಡ್ಡವಾಗಿ. ಮೀನು ಗುಡ್ಡೆಗೆ ಹತ್ತಬೇಕು, ಬಾಳೆಗೊನೆ ಕಡಲ ಬದಿಗೆ ಇಳಿಯಬೇಕು.

ನಮ್ಮ ಪೇಟೆಯಲ್ಲಿ ಶಾಲೆ, ರೈಲ್ವೆ ಸ್ಟೇಷನ್, ಮಸೀದಿ, ಮೀನುಗಾರರ ಮನೆಗಳು ಪಶ್ಚಿಮ ಬದಿ. ಪಂಚಾಯತು ಆಫೀಸು, ವಿಲೇಜ್ ಆಫೀಸು, ರೇಷನ್ ಅಂಗಡಿ, ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರ, ಆರೋಗ್ಯ ಉಪಕೇಂದ್ರ, ಕೃಷಿ ಭವನ, ದೇವಸ್ಥಾನ ಪೂರ್ವ ಬದಿ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಜಾಗ ಸಿಕ್ಕಿದ ಕಡೆ ಕಟ್ಟಡ ಎದ್ದಿತು. ರಸ್ತೆ ಸಣ್ಣದಿದ್ದಾಗ ಅದರಿಂದ ಏನೂ ತೊಂದರೆಯಾಗಲಿಲ್ಲ.

1956ರಲ್ಲಿ ಊರು ಕೇರಳಕ್ಕೆ ಹೋಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಹೆದ್ದಾರಿಯ ನಂಬರು 17 ಇದ್ದದ್ದು 66 ಆಯಿತು. ದಾಟುವ ರೀತಿ ಮಾತ್ರ ಬದಲಾಗಲಿಲ್ಲ. ಕೈ ಎತ್ತುವುದು, ಬಸ್ಸಿನವನು ನಿಧಾನ ಮಾಡುವುದು, ದಾಟುವುದು. ಮೀನಿನ ಬುಟ್ಟಿ ಹೊತ್ತ ಹೆಂಗಸರು ಕೈಯನ್ನೂ ಎತ್ತುತ್ತಿರಲಿಲ್ಲ, ಸುಮ್ನೆ ನಡೆದುಬಿಡುತ್ತಿದ್ದರು.

ರಸ್ತೆ ಅಗಲವಾದ ಮೇಲೆ

ಕೇರಳದಲ್ಲಿ ಈ ಹೆದ್ದಾರಿಗೆ 30 ಮೀಟರ್ ಸಾಕು, 45 ಬೇಕು ಅಂತ ಎಷ್ಟೋ ವರ್ಷ ಜಗಳ ನಡೆಯಿತು. ಕೊನೆಗೆ 45 ಮೀಟರ್ ಅಂತಲೇ ಆಯಿತು. ಭೂಮಿಯ ಖರ್ಚಿನಲ್ಲಿ ನಾಲ್ಕನೆಯ ಒಂದು ಭಾಗ ರಾಜ್ಯ ಸರಕಾರ ಹಾಕುವುದು ಅಂತ ಒಪ್ಪಂದವಾಯಿತು. 2022ರ ಹೊತ್ತಿಗೆ ನಮ್ಮಲ್ಲಿ ಕೆಲಸ ಜೋರಾಗಿ ನಡೆಯುತ್ತಿತ್ತು. ನಡುವೆ ಆರು ಪಥ, ಎರಡೂ ಬದಿ ಸರ್ವಿಸ್ ರೋಡು, ಅದರ ಆಚೆ ಸ್ಲ್ಯಾಬ್ ಮುಚ್ಚಿದ ಚರಂಡಿ.

ಪರಿಹಾರದ ವಿಷಯದಲ್ಲಿ ಹೆಚ್ಚು ತಕರಾರು ಬರಲಿಲ್ಲ. 2013ರ ಭೂಸ್ವಾಧೀನ ಕಾಯಿದೆಯ ಲೆಕ್ಕದಲ್ಲಿ ಬಂದ ದುಡ್ಡು ಹಲವರಿಗೆ ಸಮಾಧಾನ ತಂದಿತು. ಆಗ ಎಲ್ಲರ ಕಣ್ಣೂ ತಮ್ಮ ತಮ್ಮ ಸರ್ವೆ ನಂಬರಿನ ಮೇಲೆ. ಪೇಟೆಯ ಈಚೆಯಿಂದ ಆಚೆಗೆ ಹೋಗುವುದು ಹೇಗೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಕ್ಷೆ ಓದಲು ಬರುವವನೇ ಕೇಳದಿದ್ದ ಮೇಲೆ ಉಳಿದವರನ್ನು ಏನು ಹೇಳುವುದು?

ಆರು ಪಥಗಳ ಬದಿಗೆ ಕ್ರ್ಯಾಶ್ ಬ್ಯಾರಿಯರ್ ಎಂಬ ತಡೆಗೋಡೆ ಬಂದ ದಿನ ವಿಷಯ ಗೊತ್ತಾಯಿತು. ಪೇಟೆಯ ನಡುವೆ ದಾಟಲು ಎಲ್ಲೂ ಬಿಟ್ಟಿರಲಿಲ್ಲ. ಉತ್ತರಕ್ಕೆ 600 ಮೀಟರ್ ದೂರದಲ್ಲಿ ಒಂದು ಅಂಡರ್‌ಪಾಸ್, ಏಳು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರ. ದಕ್ಷಿಣಕ್ಕೆ ಇನ್ನೊಂದು ಇದೆ, ಅದು ಇನ್ನೂ ದೂರ. ಪಂಚಾಯತು ಆಫೀಸಿನ ಎದುರೇ ಕಾಣುವ ಶಾಲೆಗೆ ಹೋಗಬೇಕಾದರೆ 600 ಮೀಟರ್ ನಡೆದು, ನುಸುಳಿ, ಮತ್ತೆ 600 ಮೀಟರ್ ಹಿಂದೆ ಬರಬೇಕು. ರಸ್ತೆ ಲೆಕ್ಕಾಚಾರದಲ್ಲಿ ಮನುಷ್ಯನ ನಡಿಗೆ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 17 ನಿಮಿಷ. ಮಂಡಿ ನೋವಿನ ಅಜ್ಜಿಗೆ ಅರ್ಧ ಗಂಟೆ.

ಹಾಗಾಗಿ ಜನ ಹಾರತೊಡಗಿದರು. ಹಳೆ ಬಸ್ ಸ್ಟಾಪಿನ ಎದುರು ಬ್ಯಾರಿಯರ್ ಮೇಲೆ ಯಾರೋ ಗೊಬ್ಬರದ ಗೋಣಿ ಸುತ್ತಿ ಹಗ್ಗ ಕಟ್ಟಿದರು, ಸೀರೆ ಸಿಕ್ಕಿಕೊಳ್ಳದ ಹಾಗೆ. ಅದರ ಎರಡೂ ಬದಿ ಮೆಟ್ಟಿಲಿಗೆ ಅಂತ ಎರಡೆರಡು ಕೆಂಪುಕಲ್ಲು ಬಂದವು. ಕೆಲಸದವರು ಸಂಜೆ ಕಲ್ಲು ತೆಗೆದರೆ ಬೆಳಿಗ್ಗೆ ಮತ್ತೆ ಕಲ್ಲು. ನಾನು ನೋಡಿದ ಮಟ್ಟಿಗೆ ಆ ಪೇಟೆಯಲ್ಲಿ ಜನರೇ ಸೇರಿ, ಯಾರ ಕೈಯಿಂದಲೂ ಸಹಿ ಹಾಕಿಸದೆ, ತುರ್ತಾಗಿ ಮಾಡಿದ ಮೊದಲ ಕಾಮಗಾರಿ ಅದು.

ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. 45 ಮೀಟರ್ ದಾಟಲು ನಮಗೆ 38 ಸೆಕೆಂಡು ಬೇಕು. ಅಷ್ಟರಲ್ಲಿ ಒಂದು ಕಿಲೋಮೀಟರ್ ಆಚೆ, ಕಣ್ಣಿಗೇ ಕಾಣದಿದ್ದ ಕಾರು ನಮ್ಮ ಹತ್ತಿರ ಬಂದಿರುತ್ತದೆ. ಒಂದು ಸಂಜೆ ಬೀಡಿ ಕಟ್ಟಿ ಕೊಟ್ಟು ಬರುತ್ತಿದ್ದ ಹೆಂಗಸೊಬ್ಬರು ಆರೂ ಪಥಗಳನ್ನು ಸರಿಯಾಗಿಯೇ ದಾಟಿ, ಕಲ್ಲಿನಿಂದ ಇಳಿಯುವಾಗ ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬಂದ ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡರು.

ಮೊದಲ ಬೇಡಿಕೆ

ಮರುವಾರವೇ ಕ್ರಿಯಾ ಸಮಿತಿ ಹುಟ್ಟಿತು. ಬಟ್ಟೆ ಅಂಗಡಿಯ ಯಜಮಾನರೊಬ್ಬರು ಸಂಚಾಲಕರು. ರಸ್ತೆ ಬದಿ ಶಾಮಿಯಾನ, ಮೂರು ಭಾಷೆಯಲ್ಲಿ ಬ್ಯಾನರು, ಸರದಿಯಲ್ಲಿ ಧರಣಿ. ಎಲ್ಲ ಪಕ್ಷದವರೂ ಬಂದು ಹೋದರು. ಎಲ್ಲರದ್ದೂ ಒಂದೇ ಬೇಡಿಕೆ: ಪೇಟೆಯ ಮಧ್ಯಕ್ಕೇ ಅಂಡರ್‌ಪಾಸ್ ಬೇಕು.

ಹೀಗೇ ಎಂಟು ತಿಂಗಳು ಹೋಯಿತು. ಹೆದ್ದಾರಿಯವರ ಉತ್ತರ ಪ್ರತಿ ಸಲವೂ ಇಂಗ್ಲಿಷಿನಲ್ಲಿ, ಎರಡೇ ಸಾಲು. ಒಂದು ಸಲ ಮಾತ್ರ ಅವರ ಸೈಟ್ ಇಂಜಿನಿಯರ್ ಉದ್ದದ ಡ್ರಾಯಿಂಗ್ ಶೀಟ್ ತಂದು ಪಂಚಾಯತು ಹಾಲಿನ ಮೇಜಿನ ಮೇಲೆ ಹಾಸಿದರು. ಅದು ರಸ್ತೆಯ ಏರುತಗ್ಗು ತೋರಿಸುವ ಶೀಟು. ನಾನು ಅದನ್ನು ನೋಡುತ್ತಾ ಸ್ಕೇಲ್ ಇಟ್ಟು ಲೆಕ್ಕ ಹಾಕಿದೆ. ನಾಲ್ಕು ಮೀಟರ್ ಎತ್ತರದ ಅಂಡರ್‌ಪಾಸ್ ಬೇಕಾದರೆ, ಮೇಲಿನ ಸ್ಲ್ಯಾಬೂ ಸೇರಿ ರಸ್ತೆ ಸುಮಾರು ಐದು ಮೀಟರ್ ಏಳಬೇಕು. 100 ಮೀಟರಿಗೆ ಎರಡೂವರೆ ಮೀಟರ್ ಏರಿಸಿದರೂ ಒಂದು ಬದಿಗೆ 200 ಮೀಟರ್ ಏರು, ಇನ್ನೊಂದು ಬದಿಗೆ 200 ಮೀಟರ್ ಇಳಿಜಾರು. ನಮ್ಮ ಇಡೀ ಪೇಟೆಯೇ ಅಷ್ಟು ಉದ್ದ ಇಲ್ಲ.

ಅಂದರೆ ಅಂಗಡಿಗಳ ಎದುರು ಮಣ್ಣು ತುಂಬಿದ ಕಾಂಕ್ರೀಟ್ ಗೋಡೆ ಬರುತ್ತದೆ.

ಸಂಚಾಲಕರನ್ನು ಹೊರಗೆ ಕರೆದು ಹೇಳಿದೆ. ಅವರು ನಂಬಲಿಲ್ಲ. "ಅಂಡರ್‌ಪಾಸ್ ಅಂದರೆ ಕೆಳಗೆ ಗುಂಡಿ ಮಾಡುವುದಲ್ವಾ ಇಂಜಿನಿಯರ್ರೇ?" ಎಂದರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಲ್ಲಿ, ತೋಡಿನ ಪಕ್ಕದಲ್ಲಿ ಗುಂಡಿ ತೋಡಿದರೆ ಅದು ಕೆರೆಯಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಂಬದ ಮೇಲಿನ ಸೇತುವೆ ಕೇಳುವ" ಎಂದರು. ಅದನ್ನೂ ಕೇಳಿದೆವು. ದುಡ್ಡಿನ ಮಾತು ಬಂತು, ಅಲ್ಲಿಗೇ ನಿಂತಿತು.

ಸಮಿತಿಯಲ್ಲಿ ಅವತ್ತೇ ಬಿರುಕು ಬಿಟ್ಟಿತು. ಗೋಡೆಯ ಸುದ್ದಿ ಕೇಳಿ ವ್ಯಾಪಾರಿಗಳು ಅರ್ಧಕ್ಕರ್ಧ ಹಿಂದೆ ಸರಿದರು. ಶಾಲೆಯ ಪಿಟಿಎಯವರು (ಪೋಷಕ-ಶಿಕ್ಷಕ ಸಂಘ) "ಗೋಡೆಯಾದರೂ ಆಗಲಿ, ಮಕ್ಕಳು ದಾಟಬೇಕು" ಎಂದರು. ಒಂದೇ ಬ್ಯಾನರಿನ ಕೆಳಗೆ ಕೂತಿದ್ದವರಿಗೆ ಬೇಕಾದದ್ದು ಒಂದೇ ಆಗಿರಲಿಲ್ಲ. ಎಂಟು ತಿಂಗಳಲ್ಲಿ ಯಾರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನನ್ನ ತಪ್ಪು

ಈ ಗಲಾಟೆಯ ನಡುವೆ ಪಂಚಾಯತಿನವರು ಇನ್ನೊಂದು ಯೋಚನೆ ಮಾಡಿದರು. ಪೇಟೆಯೇ ತುಂಡಾಗಿದೆ, ಹೊಸ ಪೇಟೆ ಕಟ್ಟಿದರಾಯಿತು. ಪೂರ್ವ ಬದಿಯ ಬೈಲಿನಲ್ಲಿ ಒಬ್ಬರು 40 ಸೆಂಟ್ಸ್ ಜಾಗ ಉಚಿತವಾಗಿ ಕೊಡಲು ಮುಂದೆ ಬಂದರು. ಅಲ್ಲಿ ಬಸ್ ಸ್ಟ್ಯಾಂಡ್, ಮೀನು ಮಾರ್ಕೆಟ್, ಮೇಲೆ ಬಾಡಿಗೆ ಕೋಣೆಗಳು. ಪ್ಲಾನ್ ಬರೆಯುವ ಕೆಲಸ ನನಗೆ ಬಂತು.

ಬಹಳ ಚೆಂದ ಬರೆದೆ. ಕಂಪ್ಯೂಟರಿನಲ್ಲಿ ಮರಗಳನ್ನೂ ನೆಟ್ಟೆ. ಗ್ರಾಮಸಭೆಯಲ್ಲಿ ತೋರಿಸಿದಾಗ ಚಪ್ಪಾಳೆ ಬಿತ್ತು.

ಮೊದಲು ಬೆರಳಿಟ್ಟವರು ಕೃಷಿ ಅಧಿಕಾರಿ. 2008ರ ಗದ್ದೆ ಸಂರಕ್ಷಣೆ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಗದ್ದೆ ಮತ್ತು ಜವುಗು ಭೂಮಿಯ ಡೇಟಾ ಬ್ಯಾಂಕ್, ಅಂದರೆ ಪಟ್ಟಿ, ಇರುತ್ತದೆ. ಆ 40 ಸೆಂಟ್ಸ್ ಅದರಲ್ಲಿತ್ತು. ಸಾರ್ವಜನಿಕ ಉದ್ದೇಶಕ್ಕಾದರೂ ಅಂಥ ಜಾಗಕ್ಕೆ ಪಂಚಾಯತು ತಾನೇ ಮಣ್ಣು ತುಂಬಿಸುವ ಹಾಗಿಲ್ಲ, ಸರಕಾರದ ತನಕ ಹೋಗಬೇಕು. ಡೇಟಾ ಬ್ಯಾಂಕ್ ನೋಡದೆ ಪ್ಲಾನ್ ಬರೆಯುವುದಿಲ್ಲ ಅಂತ ನಾನೇ ನೂರು ಗಿರಾಕಿಗಳಿಗೆ ಹೇಳಿದವನು. ಪಂಚಾಯತೇ ಕೇಳಿದ್ದಲ್ವಾ, ಅವರು ನೋಡಿರುತ್ತಾರೆ ಅಂತ ಬಿಟ್ಟಿದ್ದೆ. ಇಂಜಿನಿಯರ್ ನೋಡಿರುತ್ತಾನೆ ಅಂತ ಅವರು ಬಿಟ್ಟಿದ್ದರು.

ಎರಡನೆಯ ವಿಷಯ ಹೇಳಿದ್ದು ಒಬ್ಬರು ನಿವೃತ್ತ ಮಾಷ್ಟ್ರು. ಅವರು ಪ್ಲಾನನ್ನು ತಿರುವಿ ನೋಡಿ ಕೇಳಿದರು: "ಈ ಬಸ್ ಸ್ಟ್ಯಾಂಡಿಗೆ ಪಶ್ಚಿಮ ಬದಿಯವರು ಬರುವುದು ಹೇಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ದಾಟಲು ಆಗುವುದಿಲ್ಲ ಅಂತ ಧರಣಿ ಕೂತ ಊರಲ್ಲಿ, ದಾಟಿ ಹೋಗಲೇಬೇಕಾದ ಇನ್ನೊಂದು ಕಟ್ಟಡಕ್ಕೆ ನಾನು ನಕ್ಷೆ ಬರೆದಿದ್ದೆ. ಉಚಿತ ಜಾಗದ ಹಿಂದೆ ಅದೇ ಮಾಲಕರ ಎರಡು ಎಕರೆ ಇತ್ತು ಎಂಬುದು ಮೂರನೆಯ ವಿಷಯ. ಅದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ, ಹೊರಗೆ ಚಾ ಕುಡಿಯುವಾಗ ಎಲ್ಲರೂ ಹೇಳಿದರು.

ನಿಂತು ಎಣಿಸಿದ ಮೂರು ದಿನ

ಎಣಿಸುವ ಅಂತ ಹೇಳಿದವರೂ ಅದೇ ಮಾಷ್ಟ್ರು. ವಾರ್ಡ್ ಮೆಂಬರ್ "ತೂಕ" ಎಂದರು. ತುಳುವಿನಲ್ಲಿ ಹಾಗೆಂದರೆ 'ನೋಡೋಣ'. ಕನ್ನಡದಲ್ಲಿ ಆ ಮಾತಿಗೆ ಇರುವ ತೂಕ ತುಳುವಿನಲ್ಲಿಲ್ಲ, ಸಾಮಾನ್ಯವಾಗಿ ವಿಷಯ ಅಲ್ಲಿಗೆ ಮುಗಿಯುತ್ತದೆ. ಈ ಸಲ ಮುಗಿಯದಿದ್ದದ್ದು ಕುಟುಂಬಶ್ರೀ ಎಂಬ ಮಹಿಳಾ ಸಂಘದ ಹೆಂಗಸರಿಂದ. ವಾರ್ಡಿನ ಎಡಿಎಸ್ (ಕುಟುಂಬಶ್ರೀಯ ವಾರ್ಡ್ ಮಟ್ಟದ ಸಮಿತಿ) ಅಧ್ಯಕ್ಷೆ, ನಾವೆಲ್ಲ ಅಕ್ಕ ಅಂತ ಕರೆಯುವವರು, "ಎಷ್ಟು ಜನ ಬೇಕು ಮಾಷ್ಟ್ರೇ?" ಎಂದು ನೇರ ಕೇಳಿದರು. ಹದಿನಾಲ್ಕು ಜನರನ್ನು ಕರೆದುಕೊಂಡೇ ಬಂದರು.

ಐದು ಕಡೆ ನಿಂತೆವು: ಗೋಣಿ ಕಟ್ಟಿದ ಜಾಗ, ಶಾಲೆಯ ಎದುರು, ಎರಡು ಬಸ್ ಸ್ಟಾಪು, ಅಂಡರ್‌ಪಾಸಿನ ಬಾಯಿ. ಬೆಳಿಗ್ಗೆ ಏಳರಿಂದ ಸಂಜೆ ಏಳು. ಬುಧವಾರ ಯಾಕೆಂದರೆ ಅವತ್ತು ಉಪಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುಮದ್ದು. ಶುಕ್ರವಾರ ಜುಮ್ಮಾ. ಇನ್ನೊಂದು ಸಾಮಾನ್ಯ ಸೋಮವಾರ. ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ, ಐದನೆಯದು ಅಡ್ಡಗೆರೆ.

ನಾನು ಮಾಡಿಕೊಟ್ಟ ಫಾರಮಿನಲ್ಲಿ 'ಪ್ರಯಾಣದ ಉದ್ದೇಶ' ಅಂತ ಒಂದು ಕಾಲಂ ಇತ್ತು. ಮೊದಲ ಒಂದು ಗಂಟೆ ಅದು ಖಾಲಿ. ಕೇಳಿದರೆ ಜನ ಗಾಬರಿಯಾಗುತ್ತಿದ್ದರು, ಮತ್ತೆ ಭೂಸ್ವಾಧೀನ ಶುರುವೋ ಅಂತ. ಅಕ್ಕ ಆ ಕಾಲಮಿಗೆ ಗೀಟು ಹಾಕಿ ಬರೆದರು: 'ಎಲ್ಲಿಗೆ ಹೊರಟದ್ದು?' ಅದು ನಮ್ಮಲ್ಲಿ ದಾರಿಯಲ್ಲಿ ಸಿಕ್ಕಿದ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ. ಆಮೇಲೆ ಕಾಲಂ ತುಂಬಿ ಅಂಚಿನಲ್ಲೂ ಬರೆಯಬೇಕಾಯಿತು. ಕನ್ನಡ, ಮಲಯಾಳ, ತುಳು, ಬ್ಯಾರಿ, ಯಾವ ಭಾಷೆಯಲ್ಲಿ ಉತ್ತರ ಬಂದರೂ ಬರೆದುಕೊಳ್ಳುವವರು ಆ ಗುಂಪಿನಲ್ಲಿದ್ದರು.

ಮೂರು ದಿನದ ನೋಟ್‌ಬುಕ್ಕುಗಳನ್ನು ಪಂಚಾಯತು ಹಾಲಿನಲ್ಲಿ ಹರಡಿಕೊಂಡು ಕೂತಾಗ ಎರಡು ವಿಷಯ ಕಂಡವು.

ಮೊದಲನೆಯದು ಎದುರಿಗೇ ಇತ್ತು, ಆದರೂ ನಮಗೆ ಹೊಳೆದಿರಲಿಲ್ಲ. ನಮ್ಮಲ್ಲಿ ವಾಹನ ಎಡಕ್ಕೆ. ಹಾಗಾಗಿ ಮಂಗಳೂರಿಗೆ ಹೋಗುವ ಬಸ್ಸು ಪಶ್ಚಿಮ ಬದಿಯಲ್ಲಿ ನಿಲ್ಲುತ್ತದೆ, ಕಾಸರಗೋಡಿಗೆ ಹೋಗುವುದು ಪೂರ್ವ ಬದಿಯಲ್ಲಿ. ಪೂರ್ವದ ಮನೆಯವನು ಮಂಗಳೂರಿಗೆ ಹೋಗುವಾಗ ದಾಟಬೇಕು. ಪಶ್ಚಿಮದ ಮನೆಯವನು ಮಂಗಳೂರಿನಿಂದ ಬಂದಿಳಿದು ದಾಟಬೇಕು. ಮನೆ ಯಾವ ಬದಿ ಇದ್ದರೂ ಬಸ್ಸಲ್ಲಿ ಹೋಗಿ ಬರುವವನು ದಿನಕ್ಕೆ ಒಮ್ಮೆ ದಾಟಲೇಬೇಕು. ಕಾಲೇಜು, ಆಸ್ಪತ್ರೆ, ಕೆಲಸ ಅಂತ ನಮ್ಮ ಊರು ಮಂಗಳೂರಿಗೇ ಅಂಟಿಕೊಂಡಿದೆ. ಗೋಣಿಯ ಮೇಲೆ ಹಾರುತ್ತಿದ್ದವರಲ್ಲಿ ಜಾಸ್ತಿ ಜನ ಪೇಟೆಗೆ ಬಂದವರೇ ಅಲ್ಲ, ಬಸ್ಸಿನವರು. ಪೇಟೆಯ ಮಧ್ಯೆ ಬಸ್ ಸ್ಟಾಪು ಇದ್ದದ್ದರಿಂದ ಪೇಟೆಯ ಮಧ್ಯೆ ಹಾರುತ್ತಿದ್ದರು.

ಎರಡನೆಯದು, ದಾಟುವ ಎಷ್ಟೋ ಜನರಿಗೆ ದಾಟುವ ಅಗತ್ಯವೇ ಬಾರದ ಹಾಗೆ ಮಾಡಬಹುದಿತ್ತು. ಬುಧವಾರದ ಪುಸ್ತಕದಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರ ಸಾಲೇ ಇತ್ತು. ಎಲ್ಲರೂ ಪಶ್ಚಿಮದಿಂದ ಪೂರ್ವಕ್ಕೆ. ಪಶ್ಚಿಮದಲ್ಲಿ ಎರಡು ಅಂಗನವಾಡಿ ಇದೆ. ಚುಚ್ಚುಮದ್ದಿನ ಡಬ್ಬಿ ದಾಟಿ ಬರಬಹುದು, ಮೂವತ್ತು ತಾಯಂದಿರು ದಾಟಬೇಕಾಗಿಲ್ಲ. ರೇಷನಿನದ್ದೂ ಅದೇ ಕತೆ. ಕಾರ್ಡು ಈಗ ಯಾವ ರೇಷನ್ ಅಂಗಡಿಯಲ್ಲೂ ನಡೆಯುತ್ತದೆ. ಪಶ್ಚಿಮ ಬದಿಯಲ್ಲೇ ಸ್ವಲ್ಪ ದೂರದಲ್ಲಿ ಇನ್ನೊಂದು ಅಂಗಡಿ ಇತ್ತು, ನಮ್ಮದಲ್ಲದ ಅಂಗಡಿಯಲ್ಲಿ ಕೊಡುತ್ತಾರೆ ಅಂತ ತುಂಬಾ ಜನರಿಗೆ ಗೊತ್ತಿರಲಿಲ್ಲ.

ಎಂಟು ತಿಂಗಳು ನಾವು ದಾರಿ ಕೇಳುತ್ತಿದ್ದೆವು. ಜನ ಯಾಕೆ ದಾಟುತ್ತಾರೆ ಅಂತ ಕೇಳಿದ್ದು ಆ ಮೂರೇ ದಿನ.

ಬಸ್ ಸ್ಟಾಪಿನ ಜಗಳ

ಇದ್ದ ಅಂಡರ್‌ಪಾಸಿನ ಎರಡು ಬಾಯಿಗಳಿಗೆ ಎರಡು ಬಸ್ ಸ್ಟಾಪನ್ನೂ ಒಯ್ಯಬೇಕು ಎಂಬುದು ಮಾಷ್ಟ್ರ ಸಲಹೆ. ಕಾಗದದಲ್ಲಿ ಇದಕ್ಕಿಂತ ಸುಲಭ ಬೇರೆ ಇಲ್ಲ. ಸಭೆಯಲ್ಲಿ ಕುರ್ಚಿ ಎಳೆದಾಡುವ ತನಕ ಹೋಯಿತು. ಸ್ಟಾಪು ಹೋದರೆ ಪೇಟೆ ಸತ್ತಿತು ಎಂದರು ವ್ಯಾಪಾರಿಗಳು. ಅದು ಸುಳ್ಳಲ್ಲ. ಬಸ್ಸಿಗೆ ಕಾಯುವವನೇ ಚಾ ಕುಡಿಯುವವನು, ಅವನೇ ಒಂದು ಕಟ್ಟು ಸೊಪ್ಪು ಕೊಳ್ಳುವವನು.

ಪಂಚಾಯತಿನ ಟ್ರಾಫಿಕ್ ಕಮಿಟಿ ಮೂರು ಸಲ ಸೇರಿತು. ಮೂರನೆಯ ಸಲ ಸಂಚಾಲಕರೇ ಒಂದು ದಾರಿ ತೋರಿಸಿದರು. ಅಂಡರ್‌ಪಾಸಿನ ಹತ್ತಿರದ ಸ್ಟಾಪು ಮುಖ್ಯ ಸ್ಟಾಪಾಗಲಿ, ಪೇಟೆಯ ಹಳೆ ಸ್ಟಾಪೂ ಉಳಿಯಲಿ, ಸರ್ವಿಸ್ ರೋಡಿನಲ್ಲಿ ಬರುವ ಲೋಕಲ್ ಬಸ್ಸು ಎರಡೂ ಕಡೆ ನಿಲ್ಲಲಿ. ಜೊತೆಗೆ ಒಂದು ಷರತ್ತು: ಸ್ವಾಧೀನ ಆಗಿ ಉಳಿದ ತುಂಡು ಜಾಗ ಅಂಡರ್‌ಪಾಸಿನ ಬಳಿ ಪಂಚಾಯತಿನ ಹೆಸರಲ್ಲಿ ಹನ್ನೆರಡು ಸೆಂಟ್ಸ್ ಇತ್ತು, ಅಲ್ಲಿ ಕಟ್ಟುವ ಕೋಣೆಗಳಲ್ಲಿ ಕಟ್ಟಡ ಕಳಕೊಂಡ ಬಾಡಿಗೆದಾರರಿಗೆ ಮೊದಲ ಹಕ್ಕು. ಪರಿಹಾರದ ದೊಡ್ಡ ಪಾಲು ಸಿಕ್ಕಿದ್ದು ಕಟ್ಟಡದ ಮಾಲಕರಿಗೆ. ಬಾಡಿಗೆಗೆ ಕೂತಿದ್ದ ದರ್ಜಿ, ಕ್ಷೌರದವನು, ಜೆರಾಕ್ಸಿನವನು ಅಷ್ಟು ದಿನ ಯಾರ ಬ್ಯಾನರಿನಲ್ಲೂ ಇರಲಿಲ್ಲ. ಈ ಮಾತು ಎತ್ತಿದ್ದಕ್ಕೆ ಸಂಚಾಲಕರ ಮೇಲೆ ನನಗೆ ಇವತ್ತಿಗೂ ಗೌರವ ಇದೆ, ಅವರ ಸ್ವಂತ ಅಂಗಡಿಗೆ ಇದರಿಂದ ಏನೂ ಲಾಭ ಇರಲಿಲ್ಲ.

ಬೈಲಿನ ಯೋಜನೆ ಕೈಬಿಟ್ಟದ್ದು ಹೀಗೆ. ಯಾರೂ ಸೋತೆವು ಅಂತ ಹೇಳಬೇಕಾಗಲಿಲ್ಲ, ಹನ್ನೆರಡು ಸೆಂಟ್ಸಿನ ಯೋಜನೆ ಬಂತು ಅಂತ ಆಯಿತು.

ಮಳೆ, ಬೆಳಕು, ಕಟ್ಟಪುಣಿ

ಅಂಡರ್‌ಪಾಸ್ ಇದ್ದೂ ಜನ ಯಾಕೆ ಹೋಗುತ್ತಿರಲಿಲ್ಲ? ಕತ್ತಲೆ. ನಾಯಿ. ನಡೆಯುವವರಿಗೆ ಅಂತ ಜಾಗ ಇಲ್ಲ. ಜೂನಿನಲ್ಲಿ ಮೊಣಕಾಲು ನೀರು. ಹೆದ್ದಾರಿಯ ಚರಂಡಿಯ ನೀರು ಅಂಡರ್‌ಪಾಸಿನ ಬಾಯಿಗೆ ಬಂದು ನಿಲ್ಲುತ್ತಿತ್ತು, ತೋಡು ಇಪ್ಪತ್ತು ಹೆಜ್ಜೆ ಆಚೆಗೇ ಇದ್ದರೂ. ನಾಲ್ಕು ಮನವಿ ಕೊಟ್ಟೆವು. ಕೊನೆಗೆ ಜೋರು ಮಳೆಯ ಒಂದು ಬೆಳಿಗ್ಗೆ ಸೈಟ್ ಇಂಜಿನಿಯರಿಗೆ ಫೋನ್ ಮಾಡಿ, ಶಾಲೆ ಬಿಡುವ ಹೊತ್ತಿಗೆ ಬನ್ನಿ ಎಂದೆ. ಬಂದರು. ಪ್ಯಾಂಟು ಮಡಚಿ, ಶೂ ಕೈಯಲ್ಲಿ ಹಿಡಿದು, ಒಂದನೇ ಕ್ಲಾಸಿನ ಹುಡುಗಿಯ ಹಿಂದೆ ನೀರಲ್ಲಿ ನಡೆದರು. ಹುಡುಗಿಯ ಸೊಂಟದ ತನಕ ನೀರು. ಹದಿನೈದು ದಿನದಲ್ಲಿ ಚರಂಡಿಯಿಂದ ತೋಡಿಗೆ ಪೈಪು ಬಿತ್ತು, ಒಂದು ಬದಿಗೆ ನಡೆಯಲು ಎತ್ತರದ ಕಟ್ಟೆಯೂ ಬಂತು. ದೀಪ ಪಂಚಾಯತೇ ಹಾಕಿತು.

ಉಳಿದದ್ದು ಶಾಲೆಗೆ ಹೋಗುವ 600 ಮೀಟರ್ ಸರ್ವಿಸ್ ರೋಡು. ಅದರಲ್ಲಿ ಎದುರು ದಿಕ್ಕಿನಿಂದ ಬೈಕುಗಳು. ಆದರೆ ಪಶ್ಚಿಮ ಬದಿಗೂ ಹರಿಯುವ ಆ ತೋಡಿನ ಬದಿಯ ಕಟ್ಟಪುಣಿ (ಅಂಚಿನ ಮಣ್ಣಿನ ಕಾಲುದಾರಿ) ಹಿಡಿದರೆ ಶಾಲೆಯ ಹಿಂದಿನ ಗೇಟಿಗೆ ನೇರ ಹೋಗಬಹುದಿತ್ತು. ಅದು ಖಾಸಗಿ ಜಾಗ. ಅಣ್ಣ ತಮ್ಮ ಇಬ್ಬರಲ್ಲಿ ಪಾಲಿನ ತಕರಾರು. ಅಣ್ಣ ಒಪ್ಪಿದರೆ ತಮ್ಮ ಒಪ್ಪುವುದಿಲ್ಲ, ತಮ್ಮನನ್ನು ಒಪ್ಪಿಸಿದರೆ ಅಣ್ಣ ಸಿಟ್ಟಾಗುತ್ತಾನೆ. ಐದು ಸಲ ಹೋಗಿದ್ದೇವೆ. ಐದನೆಯ ಸಲ ಅಕ್ಕ ನಮ್ಮೊಟ್ಟಿಗೆ ಬಂದವರು ಗಂಡಸರು ಕೂತಿದ್ದ ಜಗಲಿಯಲ್ಲಿ ಕೂರದೆ ನೇರ ಒಳಗೆ ಹೋದರು. ಅರ್ಧ ಗಂಟೆಯ ನಂತರ ಆ ಅಣ್ಣ ತಮ್ಮಂದಿರ ತಾಯಿ ಬಾಗಿಲಿಗೆ ಬಂದು ಮಕ್ಕಳಿಗೆ ಹೇಳಿದ್ದು ಇಷ್ಟೆ: "ನೀವು ಶಾಲೆಗೆ ಹೋದದ್ದೂ ಅದರಲ್ಲೇ ಅಲ್ವಾ? ಬೈಕು ಮಾತ್ರ ಬರಬಾರದು."

ಒಂದು ಮೀಟರ್ ಅಗಲದ ದಾರಿ. ಉದ್ಯೋಗ ಖಾತರಿಯವರು ಮಣ್ಣು ಹಾಕಿ ಕಟ್ಟೆ ಗಟ್ಟಿ ಮಾಡಿದರು. ತೋಡಿಗೆ ಒಂದು ಸಂಕ (ಕಾಲುಸೇತುವೆ). ಎರಡೂ ತುದಿಯಲ್ಲಿ ನಡುಮಧ್ಯಕ್ಕೆ ಒಂದೊಂದು ಕಲ್ಲುಕಂಬ, ಬೈಕು ನುಗ್ಗದ ಹಾಗೆ.

ಆಮೇಲೆ

ಒಂದು ವರ್ಷ ಕಳೆದು ಮತ್ತೆ ಒಂದು ಬುಧವಾರ ಎಣಿಸಿದೆವು. ಗೋಣಿ ಕಟ್ಟಿದ ಜಾಗದಲ್ಲಿ ಹಿಂದೆ ಪುಟಗಟ್ಟಲೆ ಗೆರೆ ಬಿದ್ದಿತ್ತು, ಈಗ ಒಂದು ಪುಟ ತುಂಬಲಿಲ್ಲ. ಮಗು ಎತ್ತಿಕೊಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಉಪಕೇಂದ್ರದ ನರ್ಸು ತಿಂಗಳಿಗೆ ಒಂದು ಬುಧವಾರ ಪಶ್ಚಿಮದ ಅಂಗನವಾಡಿಗೆ ಬರುತ್ತಾರೆ. ಶಾಲೆಯ ಮಕ್ಕಳು ಪೂರಾ ಕಟ್ಟಪುಣಿಯಲ್ಲೇ.

ಕೈಗೂಡದ್ದೂ ಸುಮಾರಿದೆ. ದೂರದ ಬಸ್ಸುಗಳು ಈಗಲೂ ಆರು ಪಥದಲ್ಲೇ ಹಾರಿ ಹೋಗುತ್ತವೆ, ಸರ್ವಿಸ್ ರೋಡಿಗೆ ಇಳಿಯುವುದು ಚಾಲಕನ ಮನಸ್ಸು. ಹಳೆ ಪೇಟೆಯಲ್ಲಿ ಮೂರು ಅಂಗಡಿ ಮುಚ್ಚಿತು, ಅದರಲ್ಲಿ ಒಂದು ಸಂಚಾಲಕರದ್ದು. ನಾವು ಉಳಿಸಿದೆವು ಅಂತ ಹೇಳಿಕೊಂಡ ಬೈಲಿನಲ್ಲಿ ಯಾರೂ ಬೇಸಾಯ ಮಾಡಲಿಲ್ಲ. ಒಂದು ಮೂಲೆಗೆ ರಾತ್ರಿ ಹೊತ್ತು ಲಾರಿಯಲ್ಲಿ ಕೆಂಪು ಮಣ್ಣು ಬಂದು ಬೀಳುತ್ತಿದೆ. ದೂರು ಹೋಗಿದೆ. ಮಣ್ಣು ಬರುವುದೂ ನಿಂತಿಲ್ಲ.

ಕಟ್ಟಪುಣಿಯ ವಿಷಯದಲ್ಲಿ ನಾವು ಮಾಡಿದ ಒಂದು ಕೆಲಸವನ್ನು ಬೇರೆ ಊರಿನವರು ಮಾಡಬಾರದು. ಅಣ್ಣ ತಮ್ಮ ಸಹಿ ಹಾಕಿದ್ದು ಒಂದು ಒಪ್ಪಿಗೆ ಪತ್ರಕ್ಕೆ ಮಾತ್ರ. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲದ ದಾರಿಗೆ ಪ್ಲಾನ್ ಫಂಡ್ ಹಾಕಲು ಆಗುವುದಿಲ್ಲ. ಹಾಗಾಗಿ ಕಾಂಕ್ರೀಟ್ ಆಗಲಿಲ್ಲ, ಮಳೆಗೆ ಎರಡು ಕಡೆ ಕುಸಿಯಿತು. ತಾಯಿ ಇದ್ದಾಗಲೇ ಆ ಒಂದು ಮೀಟರ್ ಬರೆಸಿಕೊಳ್ಳಬೇಕಿತ್ತು. ಒಳ್ಳೆ ಮನಸ್ಸು ಕಂಡಾಗ ಕಾಗದದ ಮಾತು ಎತ್ತಲು ನಮಗೆ ನಾಚಿಕೆಯಾಯಿತು. ತಾಯಿ ಈಗ ಇಲ್ಲ. ತಮ್ಮ ಜಾಗ ಮಾರುವ ಮಾತಾಡುತ್ತಿದ್ದಾನೆ.

ಇಂಥ ಊರುಗಳಿಂದ ಈಗ ನನಗೆ ಆಗಾಗ ಫೋನ್ ಬರುತ್ತದೆ, ಅಂಡರ್‌ಪಾಸಿಗೆ ಮನವಿ ಬರೆದುಕೊಡಿ ಅಂತ. ಬರೆದುಕೊಡುತ್ತೇನೆ. ಜೊತೆಗೆ ಬಸ್ಸು ಎಲ್ಲಿ ನಿಲ್ಲುತ್ತದೆ, ರೇಷನ್ ಯಾವ ಬದಿ, ಚುಚ್ಚುಮದ್ದು ಎಲ್ಲಿ ಅಂತ ಕೇಳುತ್ತೇನೆ. ಹೊಸ ಕಟ್ಟಡ ಯಾವುದಾದರೂ ಪಾಸಾಗಿದೆಯೋ, ಯಾವ ಬದಿಗೆ ಅಂತಲೂ ಕೇಳುತ್ತೇನೆ. ಕೇರಳದಲ್ಲಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಲೇಬೇಕು, ಕಟ್ಟಡ ಎಲ್ಲಿ ಎಂಬುದು ಅಲ್ಲಿ ನಮ್ಮ ಕೈಯಲ್ಲಿರುವ ವಿಷಯ. ಹೆದ್ದಾರಿ ನಮ್ಮ ಕೈಯಲ್ಲಿಲ್ಲ. ಹೆಚ್ಚಿನವರು ಮೊದಲು ಮನವಿ ಆಗಲಿ, ಅದು ಆಮೇಲೆ ನೋಡುವ ಅನ್ನುತ್ತಾರೆ.

ಅಂಡರ್‌ಪಾಸಿನ ಬಳಿ ಮೀನು ಮಾರ್ಕೆಟಿನ ಶೆಡ್ಡು ಕಳೆದ ವರ್ಷ ಆಯಿತು. ನೀರು, ಟೈಲ್ಸ್ ಹಾಕಿದ ಕಟ್ಟೆ, ಎಲ್ಲ ಇದೆ. ಮೀನು ಮಾರುವವರು ಅಲ್ಲಿ ಕೂರುವುದಿಲ್ಲ. ಐವತ್ತು ಹೆಜ್ಜೆ ಈಚೆ, ಅಂಡರ್‌ಪಾಸಿನ ಒಳಗಿನ ನಡೆಯುವ ಕಟ್ಟೆಯಲ್ಲೇ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬರು ಬಂಗುಡೆಗೆ ಐಸು ಹಾಕುತ್ತಾ, "ಎಲ್ಲರೂ ಇಲ್ಲಿಂದಲೇ ಹೋಗುವುದಲ್ವಾ" ಎಂದರು. ಮುಂದಿನ ಟ್ರಾಫಿಕ್ ಕಮಿಟಿಯಲ್ಲಿ ಅವರನ್ನು ಎಬ್ಬಿಸುವ ವಿಷಯ ಇದೆ. ನಾನು ಕಟ್ಟೆಯನ್ನು ಇನ್ನೊಂದು ಮೀಟರ್ ಅಗಲ ಮಾಡಲು ಆಗುತ್ತದೋ ಅಂತ ಅಳೆದು ಬಂದಿದ್ದೇನೆ.